ಜೆಟ್ಟಿಯ ಕೆಳಗೆ ಐದು ಮೀಟರ್

ಅಮ್ಮ ಮೂವತ್ತು ವರ್ಷ ಮೀನು ಬುಟ್ಟಿ ಹೊತ್ತವಳು. ಗಂಗೊಳ್ಳಿ ಬಂದರಿನ ಬೆಳಗಿನ ಹರಾಜಿನಲ್ಲಿ ಮೀನು ತೆಗೆದುಕೊಂಡು, ದೋಣಿಯಲ್ಲಿ ಹೊಳೆ ದಾಟಿ, ಕುಂದಾಪುರದ ಕೇರಿ ಕೇರಿ ತಿರುಗಿ ಮಾರುತ್ತಿದ್ದಳು. ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಮನೆಗೆ ಬರುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ನಾನೂ ಹಿಂದೆ ಹೋಗುತ್ತಿದ್ದೆ. ಮೀನು ತಾಜಾ ಇದೆಯಾ ಎಂದು ಯಾರಾದರೂ ಕೇಳಿದರೆ ಅಮ್ಮ ಮಾತಾಡುತ್ತಿರಲಿಲ್ಲ. ಬಂಗುಡೆಯ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಿದ್ದಳು. ಕಣ್ಣು ಉಬ್ಬಿದೆಯಾ, ಬೆರಳಲ್ಲಿ ಒತ್ತಿದರೆ ಮೈ ಮೇಲೇಳುತ್ತದೆಯಾ, ಅಷ್ಟೇ ಪರೀಕ್ಷೆ.

ನನಗೆ ಗೊತ್ತಿದ್ದ ಮೀನೆಂದರೆ ಅದು. ಐಸಿನಲ್ಲಿ ಮಲಗಿದ ಮೀನು, ಸಾರಿನಲ್ಲಿ ಬೆಂದ ಮೀನು, ಅಂಗಳದಲ್ಲಿ ಒಣಗಿದ ಮೀನು. ನಮ್ಮಲ್ಲಿ ಹೆಂಗಸರು ಬೋಟು ಹತ್ತುವ ರೂಢಿ ಇರಲಿಲ್ಲ. ಕಡಲ ಪಕ್ಕದಲ್ಲೇ ಹುಟ್ಟಿದೆ. ಅದರ ಸದ್ದು ಕೇಳಿಕೊಂಡೇ ಮಲಗಿದೆ, ಎದ್ದೆ. ಆದರೆ ಒಂದು ಮೀನು ತನ್ನ ಮನೆಯಲ್ಲಿ ಹೇಗಿರುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ನೋಡಿದ್ದು ಮೆಲ್ಬರ್ನಿನಲ್ಲಿ, ಊರಿನಿಂದ ಸುಮಾರು 9 ಸಾವಿರ ಕಿಲೋಮೀಟರ್ ದೂರದಲ್ಲಿ, ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಯ ರೈ ಎಂಬ ಸಣ್ಣ ಊರಿನ ಜೆಟ್ಟಿಯ ಕೆಳಗೆ. ನೀರಿನ ಆಳ ಐದು ಮೀಟರ್. ತೆಂಗಿನ ಮರದ ಅರ್ಧದಷ್ಟೂ ಇಲ್ಲ.

ಪೋರ್ಟ್ ಫಿಲಿಪ್ ಕೊಲ್ಲಿಯ ಬಗ್ಗೆ ಇಲ್ಲಿನ ಜನಕ್ಕೇ ಹೆಚ್ಚು ಕುತೂಹಲ ಇದ್ದಂತೆ ನನಗೆ ಕಾಣುವುದಿಲ್ಲ. 50 ಲಕ್ಷ ಜನರ ಊರು ಅದರ ದಂಡೆಯನ್ನು ಸುತ್ತಿ ಕೂತಿದೆ. ಸಂಜೆ ನಾಯಿ ಹಿಡಿದುಕೊಂಡು ನಡೆಯುತ್ತಾರೆ, ಬೇಸಿಗೆಯಲ್ಲಿ ಮಕ್ಕಳನ್ನು ಮರಳಲ್ಲಿ ಆಡಿಸುತ್ತಾರೆ. ಹವಳ, ಬಣ್ಣದ ಮೀನು ನೋಡಬೇಕೆಂದರೆ ವಿಮಾನ ಹತ್ತಿ ಉತ್ತರಕ್ಕೆ ಹೋಗುತ್ತಾರೆ. ಮೇಲಿನಿಂದ ನೋಡಿದರೆ ಈ ನೀರಿನಲ್ಲಿ ಏನೂ ಇಲ್ಲ ಅನಿಸುವುದು ನಿಜ. ಚಳಿಗಾಲದಲ್ಲಿ ಬೂದಿ ಬಣ್ಣ, ಬೇಸಿಗೆಯಲ್ಲಿ ಹಸಿರು ಮಿಶ್ರಿತ ನೀಲಿ. ನಾನೂ ಎರಡು ವರ್ಷ ಹಾಗೇ ನೋಡಿ ಬಂದವಳು.

ಕೊಲ್ಲಿ ಬಹಳ ದೊಡ್ಡದು. ಹರವು ಸುಮಾರು 1,930 ಚದರ ಕಿಲೋಮೀಟರ್. ಆದರೆ ಹರವಿಗೆ ತಕ್ಕ ಆಳ ಇಲ್ಲ. ಅರ್ಧದಷ್ಟು ಭಾಗ ಎಂಟು ಮೀಟರಿಗಿಂತ ಕಮ್ಮಿ, ನಡುವೆ ಅತಿ ಆಳದಲ್ಲೂ 24 ಮೀಟರ್ ಅಷ್ಟೇ. ದೊಡ್ಡ ಹರಿವಾಣದಲ್ಲಿ ನೀರು ತುಂಬಿಸಿಟ್ಟ ಹಾಗೆ. ಹೊರಗಿನ ಕಡಲಿಗೆ ಇರುವುದು ಒಂದೇ ಬಾಗಿಲು. ಪಾಯಿಂಟ್ ಲಾನ್ಸ್‌ಡೇಲ್ ಮತ್ತು ಪಾಯಿಂಟ್ ನೆಪಿಯನ್ ಎಂಬ ಎರಡು ಮೂಲೆಗಳ ನಡುವೆ ಮೂರೇ ಕಿಲೋಮೀಟರ್ ಜಾಗ. ಇದನ್ನು ಇಲ್ಲಿ ಹೆಡ್ಸ್ ಅನ್ನುತ್ತಾರೆ. ನಾನು ಮನಸ್ಸಿನಲ್ಲೇ ಅಳಿವೆ ಅನ್ನುತ್ತೇನೆ. ಗಂಗೊಳ್ಳಿಯವರಿಗೆ ಆ ಶಬ್ದ ಸಾಕು. ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ನಮ್ಮ ಅಳಿವೆಯಲ್ಲಿ ಮಳೆಗಾಲದಲ್ಲಿ ಬೋಟು ಮಗುಚಿದ ಸುದ್ದಿ ಕೇಳಿ ಬೆಳೆದವರು ನಾವು. ಒಳಗಿನ ನೀರೂ ಹೊರಗಿನ ನೀರೂ ಜಗಳಕ್ಕೆ ಬೀಳುವ ಜಾಗ ಅದು. ಇಲ್ಲಿಯೂ ಹಾಗೆಯೇ. ಎಷ್ಟೋ ಹಡಗುಗಳು ಈ ಬಾಗಿಲ ಆಸುಪಾಸಿನಲ್ಲಿ ಒಡೆದಿವೆ.

ಇಲ್ಲಿನ ಉಬ್ಬರ ಇಳಿತದಲ್ಲಿ ಒಂದು ವಿಚಿತ್ರ ಇದೆ. ಅದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಹೊರಗಿನ ಕಡಲು ಪೂರ್ತಿ ಏರಿದಾಗ ಬಾಗಿಲಲ್ಲಿ ನೀರು ನಿಲ್ಲಬೇಕು ಅಲ್ವಾ? ನಿಲ್ಲುವುದಿಲ್ಲ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಕೊಲ್ಲಿ ಇನ್ನೂ ತುಂಬಿಯೇ ಇರುವುದಿಲ್ಲ. ಹೊರಗೆ ಕಡಲು ಇಳಿಯಲು ಶುರುವಾಗಿ ಹತ್ತಿರ ಹತ್ತಿರ ಮೂರು ಗಂಟೆ ಆದರೂ ಒಳಗೆ ನೀರು ನುಗ್ಗುತ್ತಲೇ ಇರುತ್ತದೆ. ಒಳಗೂ ಹೊರಗೂ ಮಟ್ಟ ಒಂದಾದ ಸ್ವಲ್ಪ ಹೊತ್ತು ಮಾತ್ರ ಸೆಳೆತ ಸತ್ತಂತೆ ನಿಲ್ಲುತ್ತದೆ. ಆಮೇಲೆ ತಿರುಗಿ ಹೊರಗೆ ಓಡುತ್ತದೆ. ಹೆಡ್ಸ್ ಹತ್ತಿರ ಡೈವ್ ಮಾಡುವವರು ಆ ಸ್ವಲ್ಪ ಹೊತ್ತನ್ನೇ ಕಾದು ಇಳಿಯಬೇಕು.

ಒಮ್ಮೆ ನಾವು ಇಳಿದದ್ದು ತಡವಾಗಿತ್ತು. ಬೋಟಿನವರು ಇನ್ನೂ ಸಮಯ ಇದೆ ಎಂದರು. ನಾನು ಹೊಸಬಳು, ನಂಬಿದೆ. ಹತ್ತು ನಿಮಿಷ ಎಲ್ಲ ಸರಿ ಇತ್ತು. ಆಮೇಲೆ ಕೆಳಗಿನ ಕಡಲಪಾಚಿ ಎಲ್ಲವೂ ಒಂದೇ ದಿಕ್ಕಿಗೆ ತಲೆ ಬಾಗಿಸಿತು, ಗಾಳಿಗೆ ಗದ್ದೆಯ ಪೈರು ಬಾಗಿದಂತೆ. ಕಾಲು ಬಡಿದರೂ ಮುಂದೆ ಹೋಗಲು ಆಗಲಿಲ್ಲ. ನನ್ನ ಜೊತೆಗಾರ ಕೈ ಹಿಡಿದುಕೊಂಡ, ಇಬ್ಬರೂ ನಿಧಾನವಾಗಿ ಮೇಲೆ ಬಂದೆವು. ಬೋಟು ಎಲ್ಲೋ ದೂರದಲ್ಲಿ ಕಡ್ಡಿಯಂತೆ ಕಂಡಿತು. ಕಿತ್ತಳೆ ಬಣ್ಣದ ಉದ್ದ ಬಲೂನು ಊದಿ ನಿಲ್ಲಿಸಿ, ಅಲೆಯಲ್ಲಿ ಏರಿಳಿಯುತ್ತ ಇಪ್ಪತ್ತು ನಿಮಿಷ ಕಾದೆವು. ಆ ಇಪ್ಪತ್ತು ನಿಮಿಷ ನನ್ನ ಕಣ್ಣಮುಂದೆ ಇದ್ದದ್ದು ಅಪ್ಪಯ್ಯ. ಮೀನಿಗೆ ಹೋದ ಅವರ ಬೋಟು ಬರುವುದು ತಡವಾದ ದಿನಗಳಲ್ಲಿ ಅಮ್ಮ ಅಂಗಳಕ್ಕೂ ಬಾಗಿಲಿಗೂ ಓಡಾಡುತ್ತಿದ್ದದ್ದು ನೆನಪಾಯಿತು. ಅಂದಿನಿಂದ ಇಳಿತದ ಲೆಕ್ಕವನ್ನು ನಾನೇ ಹಾಕುತ್ತೇನೆ. ಬೇರೆಯವರು ಎಷ್ಟೇ ಅನುಭವಸ್ಥರಾಗಿರಲಿ, ನನ್ನ ಲೆಕ್ಕ ಕೂಡದಿದ್ದರೆ ನೀರಿಗಿಳಿಯುವುದಿಲ್ಲ.

ಹೆಡ್ಸ್ ಹತ್ತಿರದ ತಳ ಮಾತ್ರ ಬಹಳ ಆಳ. ಅಲ್ಲಿ 90 ಮೀಟರಿಗೂ ಜಾಸ್ತಿ ಆಳದ ಕಣಿವೆ ಇದೆ. ಅದನ್ನು ಕೊರೆದದ್ದು ನದಿ. ಕಳೆದ ಹಿಮಯುಗದಲ್ಲಿ ಕಡಲ ಮಟ್ಟ ತುಂಬ ಕೆಳಗಿತ್ತು, ಕೊಲ್ಲಿ ಎನ್ನುವುದೇ ಇರಲಿಲ್ಲ. ಇಡೀ ಜಾಗ ಹುಲ್ಲುಗಾವಲು. ಈಗ ಮೆಲ್ಬರ್ನಿನ ನಡುವೆ ಹರಿಯುವ ಯಾರಾ ನದಿ ಆ ಬಯಲಿನಲ್ಲಿ ಹರಿದು ಈ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಈ ನೆಲದ ಮೂಲ ಜನ ಬೂನ್‌ವರಂಗರ ಹಿರಿಯರ ಬಾಯಲ್ಲಿ ಆ ನೆನಪು ಉಳಿದುಕೊಂಡಿತ್ತು. ಇದು ಕಾಂಗರೂ ಬೇಟೆಯಾಡುತ್ತಿದ್ದ ಬಯಲು, ಆಮೇಲೆ ಕಡಲು ನುಗ್ಗಿ ಬಂತು ಎಂದು ಅವರು ಹೇಳಿದ್ದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಬರೆದಿಟ್ಟರು. ಭೂವಿಜ್ಞಾನಿಗಳು ಅದನ್ನೇ ಹೇಳಿದ್ದು ಆಮೇಲೆ. ಪೋರ್ಟ್‌ಸೀ ಹೋಲ್ ಎಂಬಲ್ಲಿ ಡೈವ್ ಮಾಡುವಾಗ ನಾವು ಈಜುವುದು ಹಳೆಯ ನದಿ ಪಾತ್ರದ ದಂಡೆಯ ಮೇಲೆ. ಒಂದು ಕಾಲದಲ್ಲಿ ಯಾರೋ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನೀರು ತುಂಬಲು ಇಳಿದಿರಬಹುದಾದ ದಂಡೆ. ಅಲ್ಲಿ ಕಲ್ಲಿನ ಸಂದಿಯಲ್ಲಿ ಗಾಢ ನೀಲಿ ಮೈಮೇಲೆ ಹೊಳೆಯುವ ಚುಕ್ಕಿಗಳ ಬ್ಲೂ ಡೆವಿಲ್ ಮೀನು ಕೂತಿರುತ್ತದೆ. 50 ವರ್ಷಕ್ಕೂ ಹೆಚ್ಚು ಬದುಕುವ ಮೀನು. ಇದ್ದ ಗುಹೆ ಬಿಟ್ಟು ಬೇರೆ ಕಡೆ ಹೋಗುವುದು ಕಮ್ಮಿ. ನನಗಿಂತ ಹಿರಿಯ ಮೀನು ತನ್ನ ಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದೆ ಎಂದು ತಿಳಿದಾಗ ನನಗೆ ನಮಸ್ಕಾರ ಮಾಡಬೇಕು ಅನಿಸಿತ್ತು.

ಆದರೂ ನನ್ನ ಮನಸ್ಸು ಇರುವುದು ಜೆಟ್ಟಿಗಳ ಕೆಳಗೆ. ರೈ, ಬ್ಲೇರ್‌ಗೌರಿ, ಪೋರ್ಟ್‌ಸೀ. ಬೋಟು ಬೇಡ, ದುಡ್ಡು ಬೇಡ. ಕಾರು ನಿಲ್ಲಿಸಿ, ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು, ನಡೆದುಕೊಂಡು ಹೋಗಿ ಇಳಿಯಬಹುದು. ಚಳಿಗಾಲದಲ್ಲಿ ನೀರು 10-11 ಡಿಗ್ರಿ. 7 ಮಿಲಿಮೀಟರ್ ದಪ್ಪದ ಸೂಟು, ತಲೆಗೆ ಟೊಪ್ಪಿ, ಕೈಗೆ ಗವಸು ಹಾಕಿದರೂ ಮೊದಲ ನಿಮಿಷ ಹಣೆ ಒಡೆದುಹೋದಂತೆ ನೋಯುತ್ತದೆ. ಆಮೇಲೆ ಸೂಟಿನೊಳಗೆ ಸೇರಿದ ನೀರು ಮೈ ಶಾಖಕ್ಕೆ ಬಿಸಿಯಾಗಿ ಸಹಿಸುವಂತೆ ಆಗುತ್ತದೆ. ತಲೆ ಮುಳುಗಿದ ಕೂಡಲೇ ಒಂದು ಸದ್ದು. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಸಿಡಿಯುವ ಸದ್ದು, ಎಲ್ಲ ಕಡೆಯಿಂದಲೂ. ಸಣ್ಣ ಸಿಗಡಿಗಳು ತಮ್ಮ ಇಕ್ಕಳದಂಥ ಒಂದು ದೊಡ್ಡ ಕೊಂಬನ್ನು ಫಟ್ಟನೆ ಮುಚ್ಚುವಾಗ ಬರುವ ಸದ್ದು ಅದು. ಮೊದಲ ಸಲ ಕೇಳಿದಾಗ ಅಮ್ಮನ ಅಡಿಗೆಮನೆಯ ಹೊರಗೆ ನಿಂತಂತೆ ಅನಿಸಿತು.

ಬ್ಲೇರ್‌ಗೌರಿ ಜೆಟ್ಟಿಯ ಕಂಬಗಳನ್ನು ಮೇಲಿನಿಂದ ನೋಡಿದರೆ ಕಪ್ಪು ಮರದ ದಿಮ್ಮಿ. ಕೆಳಗೆ ಹೋಗಿ ಟಾರ್ಚ್ ಹಚ್ಚಿದರೆ ಬೇರೆಯೇ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಆಳದಲ್ಲಿ ಕೆಂಪೆಲ್ಲ ಕಂದಾಗಿ ಕಾಣುತ್ತದೆ. ಟಾರ್ಚಿನ ಬೆಳಕು ಬಿದ್ದಾಗ ಅದು ಮರಳಿ ಬರುತ್ತದೆ. ಕಿತ್ತಳೆ, ನೇರಳೆ, ಅರಿಶಿನ ಬಣ್ಣದ ಸ್ಪಂಜುಗಳು ಒಂದರ ಮೇಲೊಂದು ಕಂಬವನ್ನು ಮುಚ್ಚಿರುತ್ತವೆ. ಒಂದು ಅಂಗೈ ಅಗಲ ಜಾಗವನ್ನು ಹತ್ತು ನಿಮಿಷ ನೋಡಿದ್ದೇನೆ. ಮೊದಲ ನಿಮಿಷ ಸ್ಪಂಜು ಮಾತ್ರ ಕಂಡಿತು. ಎರಡನೇ ನಿಮಿಷಕ್ಕೆ ಅದರ ಮೇಲೆ ಅಕ್ಕಿ ಕಾಳಿನಷ್ಟು ಸಣ್ಣ ಬಿಳಿ ಕಡಲ ಬಸವನಹುಳ, ಚಿಪ್ಪಿಲ್ಲದ್ದು, ಬೆನ್ನ ಮೇಲೆ ಹೂವಿನಂಥ ಕಿವಿರು. ಆಮೇಲೆ ಅದರ ಪಕ್ಕದಲ್ಲೇ ಅದು ಇಟ್ಟ ಮೊಟ್ಟೆಗಳ ಸುರುಳಿ. ಇನ್ನೂ ನೋಡುತ್ತಿದ್ದಾಗ ಸ್ಪಂಜೆಂದು ನಾನು ತಿಳಿದುಕೊಂಡಿದ್ದ ಒಂದು ಗುಪ್ಪೆ ಕಣ್ಣು ಮಿಟುಕಿಸಿತು. ಪುಟ್ಟ ಆಕ್ಟೋಪಸ್. ಅದು ಅಷ್ಟು ಹೊತ್ತೂ ಅಲ್ಲೇ ಇತ್ತು, ನನ್ನನ್ನು ನೋಡುತ್ತಲೇ ಇತ್ತು.

ಸೀಡ್ರ್ಯಾಗನ್ ಬಗ್ಗೆ ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ. ಆಸ್ಟ್ರೇಲಿಯಾದ ದಕ್ಷಿಣದ ನೀರು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2002ರಲ್ಲಿ ಇದನ್ನು ತನ್ನ ಕಡಲ ಲಾಂಛನ ಮಾಡಿಕೊಂಡಿತು. ಕಡಲ ಕುದುರೆಯ ದಾಯಾದಿ. ಉದ್ದ 45 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಕೆಂಪು ಮಿಶ್ರಿತ ಕಂದು ಮೈ, ಕತ್ತಿನ ಪಕ್ಕ ನೀಲಿ ಪಟ್ಟೆ, ಮೈತುಂಬ ಹಳದಿ ಚುಕ್ಕಿ, ಅಲ್ಲಲ್ಲಿ ಎಲೆಯಂತೆ ಚಾಚಿದ ಚರ್ಮ. ಬಾಯಿ ಊದುಕೊಳವೆ ಥರ, ಹಲ್ಲಿಲ್ಲ. ಪಾಚಿಯ ನಡುವೆ ಗುಂಪಾಗಿ ತೇಲುವ ಕೂದಲೆಳೆಯಂಥ ಸಿಗಡಿಗಳನ್ನು ಒಂದೊಂದಾಗಿ ಸೆಳೆದುಕೊಳ್ಳುತ್ತದೆ.

ಪೋರ್ಟ್‌ಸೀ ಜೆಟ್ಟಿಯಲ್ಲಿ ನನಗೆ ಒಂದು ಗಂಡು ಸೀಡ್ರ್ಯಾಗನ್ ಪರಿಚಯ. ಪರಿಚಯ ಎಂಬ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಪ್ರತಿಯೊಂದರ ಚುಕ್ಕಿಗಳ ಜೋಡಣೆಯೂ ಬೇರೆ ಬೇರೆ. ಫೋಟೋ ಹೋಲಿಸಿ ಯಾವುದು ಯಾವುದೆಂದು ಹೇಳಬಹುದು. ಇದರ ಕತ್ತಿನ ಹತ್ತಿರ ಮೂರು ಚುಕ್ಕಿಗಳಿವೆ, ಒಲೆಗೆ ಇಟ್ಟ ಮೂರು ಕಲ್ಲಿನ ಹಾಗೆ. ಮೂರು ವರ್ಷ ಅದೇ ನಾಲ್ಕಾರು ಕಂಬಗಳ ಆಚೀಚೆ ಅದನ್ನು ನೋಡಿದ್ದೇನೆ.

ಒಂದು ನವೆಂಬರ್ ಬೆಳಿಗ್ಗೆ ಅದರ ಬಾಲದ ಕೆಳಗೆ ಮೊಟ್ಟೆಗಳಿದ್ದವು. ಈ ಜೀವಿಗಳಲ್ಲಿ ಬಸುರು ಹೊರುವುದು ಗಂಡು. ಕಡಲ ಕುದುರೆಗಾದರೆ ಹೊಟ್ಟೆಯಲ್ಲಿ ಚೀಲ ಇರುತ್ತದೆ. ಸೀಡ್ರ್ಯಾಗನ್ನಿಗೆ ಚೀಲವೂ ಇಲ್ಲ. ಹೆಣ್ಣು ಇನ್ನೂರೈವತ್ತರಷ್ಟು ಮೊಟ್ಟೆಗಳನ್ನು ಗಂಡಿನ ಬಾಲದ ಅಡಿಭಾಗಕ್ಕೆ ಅಂಟಿಸುತ್ತದೆ. ಬಾಲದ ಮೆತ್ತನೆ ಚರ್ಮದಲ್ಲಿ ಪ್ರತಿ ಮೊಟ್ಟೆಗೂ ಒಂದು ಬಟ್ಟಲಿನಂತೆ ಗುಳಿ ಆಗುತ್ತದೆ. ನಾನು ಉಸಿರು ನಿಧಾನ ಮಾಡಿ, ತಳದ ಮರಳಿಗೆ ಕಾಲು ತಾಗಿಸದೆ, ಒಂದು ಮಾರು ದೂರದಲ್ಲಿ ನಿಂತೆ. ದಾಳಿಂಬೆ ಬಿಡಿಸಿ ಸಾಲಾಗಿ ಜೋಡಿಸಿದ ಹಾಗೆ ಗುಲಾಬಿ ಮೊಟ್ಟೆಗಳು. ಕೆಲವದರ ಮೇಲೆ ಆಗಲೇ ಪಾಚಿ ಕೂತು ಹಸಿರಾಗಿತ್ತು. ಅಲೆ ಬಂದಾಗ ಪಾಚಿ ಹೇಗೆ ಓಲಾಡಿತೋ ಹಾಗೇ ಅದೂ ಓಲಾಡಿತು. ಬೆನ್ನ ಮೇಲಿನ ಗಾಜಿನಂಥ ಸಣ್ಣ ರೆಕ್ಕೆ ಮಾತ್ರ ಒಂದೇ ಸಮ ನಡುಗುತ್ತಿತ್ತು. ದೋಣಿಗೆ ಹುಟ್ಟು ಹೇಗೋ ಅದಕ್ಕೆ ಅದು ಹಾಗೆ. ಕಡಲ ಕುದುರೆಯಂತೆ ಬಾಲದಿಂದ ಪಾಚಿಯನ್ನು ಸುತ್ತಿ ಹಿಡಿಯಲು ಇದಕ್ಕೆ ಬರುವುದಿಲ್ಲ. ದೊಡ್ಡ ಬಿರುಗಾಳಿ ಬಂದರೆ ದಡಕ್ಕೆ ಬಿದ್ದು ಸಾಯುತ್ತದೆ. ಹೀಗೆ ಸುಮಾರು ಎಂಟು ವಾರ ಹೊರಬೇಕು.

ಡಿಸೆಂಬರಿನಲ್ಲಿ ಮತ್ತೆ ಹೋದಾಗ ಅರ್ಧ ಬಟ್ಟಲುಗಳು ಖಾಲಿಯಾಗಿದ್ದವು. ಮರಿಗಳನ್ನು ಹುಡುಕಿದೆ, ಸಿಗಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ, "ಅಪ್ಪನೇ ಹೊರೂದಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾಯ್ತ್" ಅಂದಳು.

ಅಮ್ಮ ಇಲ್ಲಿಗೆ ಬಂದದ್ದು ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ಆ ವಾರ ಏಡಿಗಳು ಬಂದಿದ್ದವು.

ಇವಕ್ಕೆ ಇಲ್ಲಿ ಸ್ಪೈಡರ್ ಕ್ರ್ಯಾಬ್ ಅನ್ನುತ್ತಾರೆ. ಉದ್ದ ಕಾಲು, ಗುಂಡು ಮೈ. ವರ್ಷದ ಬಾಕಿ ದಿನ ಎಲ್ಲೋ ಆಳದಲ್ಲಿ ಚದುರಿಕೊಂಡು ಇರುತ್ತವೆ. ಮೇ, ಜೂನ್, ಜುಲೈ ಹೊತ್ತಿಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ರೈ, ಬ್ಲೇರ್‌ಗೌರಿ ಕಡೆಯ ಆಳವಿಲ್ಲದ ನೀರಿಗೆ ನಡೆದು ಬರುತ್ತವೆ. ಬರುವುದು ಪೊರೆ ಕಳಚಲು. ಏಡಿಯ ಚಿಪ್ಪು ಬೆಳೆಯುವುದಿಲ್ಲ, ಒಳಗಿನ ಮೈ ಬೆಳೆಯುತ್ತದೆ. ಹಾಗಾಗಿ ಹಳೆಯದನ್ನು ಬಿಡಲೇಬೇಕು. ಬಿಟ್ಟ ಮೇಲೆ ಹೊಸದು ಗಟ್ಟಿಯಾಗಲು ಕೆಲವು ದಿನ ಬೇಕು. ಆ ದಿನಗಳಲ್ಲಿ ಅದು ನೆನೆದ ಹಪ್ಪಳದಷ್ಟು ಮೆತ್ತಗೆ. ಚಪ್ಪಟೆ ಮೈಯ ತೊರಕೆ ಮೀನು ಬಂದರೂ ಮುಗಿಯಿತು, ಸೀಲ್ ಬಂದರೂ ಮುಗಿಯಿತು. ಅದಕ್ಕೇ ಎಲ್ಲ ಒಟ್ಟಿಗೆ ಸೇರುತ್ತವೆ. ಗುಂಪಿನಲ್ಲಿದ್ದರೆ ಒಂದೊಂದಕ್ಕೂ ಬದುಕುವ ಅವಕಾಶ ಜಾಸ್ತಿ. ಒಂದರ ಮೇಲೊಂದು ಹತ್ತಿ, ಗುಡ್ಡೆ ಗುಡ್ಡೆಯಾಗಿ ನಿಲ್ಲುತ್ತವೆ. ಕಾಲಿಡಲು ಜಾಗ ಇರುವುದಿಲ್ಲ.

ಆ ದಿನ ನಾನು ಒಂದೇ ಏಡಿಯ ಮುಂದೆ ಕ್ಯಾಮೆರಾ ಹಿಡಿದು ಕೂತೆ. ಅದರ ಹಳೆಯ ಚಿಪ್ಪಿನ ಮೇಲೆ ಪಾಚಿ, ಸ್ಪಂಜು ಎಲ್ಲ ಬೆಳೆದು ಕೊಳೆಯಾಗಿತ್ತು. ಮೊದಲು ಬೆನ್ನ ಹಿಂಭಾಗದಲ್ಲಿ ಒಂದು ಗೆರೆ ಬಿಟ್ಟುಕೊಂಡಿತು. ಆ ಸಂದಿಯಲ್ಲಿ ಕಿತ್ತಳೆ ಬಣ್ಣ ಕಂಡಿತು. ಏಡಿ ಹಿಂದಕ್ಕೆ, ಹಿಂದಕ್ಕೆ ತಳ್ಳಿಕೊಂಡಿತು. ತಳ್ಳುವುದು, ನಿಲ್ಲುವುದು, ಮತ್ತೆ ತಳ್ಳುವುದು. ಹೆರಿಗೆಯ ಹಾಗೆ, ಆದರೆ ತಾಯಿಯೂ ಅದೇ, ಮಗುವೂ ಅದೇ. ಉದ್ದನೆಯ ಒಂದೊಂದು ಕಾಲನ್ನೂ ಹಳೆಯ ಕಾಲಿನೊಳಗಿಂದ ಎಳೆದು ತೆಗೆಯಬೇಕು, ಕೈಗವಸಿನಿಂದ ಬೆರಳು ತೆಗೆದಂತೆ. ಕಣ್ಣಿನ ಮೇಲಿನ ಪೊರೆ, ಕಿವಿರಿನ ಪೊರೆ, ಹೊಟ್ಟೆಯ ಒಳಗಿನ ಪೊರೆ ಕೂಡ ಹಳೆಯ ಚಿಪ್ಪಿನೊಂದಿಗೇ ಹೋಗುತ್ತದೆ. ಒಂದು ಕಾಲು ಸಿಕ್ಕಿಕೊಂಡಿತು. ಅದು ಬಹಳ ಹೊತ್ತು ಸುಮ್ಮನೆ ನಿಂತಿತು. ನನ್ನ ಸಿಲಿಂಡರಿನಲ್ಲಿ ಗಾಳಿ ಕಮ್ಮಿಯಾಗುತ್ತ ಬಂದಿತ್ತು, ಗೇಜಿನಲ್ಲಿ ಒತ್ತಡ 80 ಬಾರ್. ಕೊನೆಗೂ ಕಾಲು ಬಂತು. ಹೊಸ ಏಡಿ ನೀರು ಕುಡಿದು ಉಬ್ಬಲು ಶುರುವಾಯಿತು. ಈಗಷ್ಟೇ ಬಿಟ್ಟ ಚಿಪ್ಪಿನಲ್ಲಿ ಇಷ್ಟು ದೊಡ್ಡದು ಹೇಗಿತ್ತು ಎಂದು ನಂಬಲಾಗದಷ್ಟು ದೊಡ್ಡದಾಯಿತು. ಪಕ್ಕದಲ್ಲಿ ಹಳೆಯ ಏಡಿ, ಕಣ್ಣು ಕಾಲು ಎಲ್ಲ ಇದ್ದ ಹಾಗೇ, ಒಳಗೆ ಖಾಲಿ.

ಮೇಲೆ ಬಂದಾಗ ಅಮ್ಮ ಜೆಟ್ಟಿಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ನಿಂತಿದ್ದಳು. ಕೆಳಗೆ ಬಗ್ಗಿ ನೋಡುತ್ತಿದ್ದಳು. ನೀರು ತಿಳಿಯಾಗಿದ್ದರಿಂದ ಏಡಿಗಳ ಕಪ್ಪು ರಾಶಿ ಮೇಲಿನಿಂದಲೇ ಕಾಣುತ್ತಿತ್ತು. "ಇಷ್ಟ್ ಏಡಿ ಇತ್ತ್ ಹೆಣೆ, ಯಾರೂ ಹಿಡೂದಿಲ್ಯಾ?" ಎಂದು ಕೇಳಿದಳು. ಹಿಡಿಯುವವರು ಪಕ್ಕದಲ್ಲೇ ಇದ್ದರು. ಬಲೆ ಇಳಿಸಿ, ಎತ್ತಿ, ಬಕೆಟ್ಟಿಗೆ ಸುರಿಯುತ್ತಿದ್ದರು. ಅಮ್ಮ ಹೋಗಿ ಬಕೆಟ್ಟಿನೊಳಗೆ ನೋಡಿದಳು. ಒಂದನ್ನು ಬೆರಳಿನಿಂದ ಒತ್ತಿದಳು, ಬಂಗುಡೆಯನ್ನು ಒತ್ತುತ್ತಿದ್ದ ಅದೇ ಬೆರಳಿನಿಂದ. ತಿರುಗಿ ಬಂದು, "ಪೊರೆ ಬಿಟ್ಟದ್ದ್. ಅದ್ರಂಗೆ ಎಂತ ಇಲ್ಲೆ, ಬರೀ ನೀರ್" ಅಂದಳು.

ಕಾರಿನಲ್ಲಿ ಹೀಟರ್ ಹಾಕಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತ ವಿಡಿಯೋ ತೋರಿಸಿದೆ. ಅಮ್ಮ ಪೂರ್ತಿ ನೋಡಿದಳು. ಕಾಲು ಸಿಕ್ಕಿಕೊಂಡ ಕಡೆ ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತ್ತು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಎಂದಳು. ಆಮೇಲೆ ನನಗೆ ಗೊತ್ತಿಲ್ಲದ ವಿಷಯ ಹೇಳಿದಳು. ಅಜ್ಜನ ಕಾಲದಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಪೊರೆ ಬಿಟ್ಟ ಏಡಿ ಬಂದರೆ ಅಜ್ಜ ಅದನ್ನು ಎತ್ತಿ ನೀರಿಗೇ ಬಿಡುತ್ತಿದ್ದರಂತೆ. ಬಾಣಂತಿ ಇದ್ದ ಹಾಗೆ, ಮುಟ್ಟಬಾರದು ಅನ್ನುತ್ತಿದ್ದರಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀ ಕೇಂಡಿದ್ಯಾ?" ಅಂದಳು.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಿನ್ನಲು ಮೀನು ಹಿಡಿಯುವುದು ತಪ್ಪಲ್ಲ. ಮೀನು ಹಿಡಿದ ದುಡ್ಡಿನಲ್ಲೇ ನಾನು ಓದಿದ್ದು. ಆದರೆ ಕಡಲಿನ ಜೀವಗಳು ಪೊರೆ ಬಿಡುವಾಗ, ಮೊಟ್ಟೆ ಇಡುವಾಗ ಅವುಗಳನ್ನು ಅವುಗಳ ಪಾಡಿಗೆ ಬಿಡಬೇಕು. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳ ಕಷ್ಟ ಏನೆಂದು ನಮ್ಮ ಮನೆಗೆ ಗೊತ್ತು. ಆಗಸ್ಟಿನಲ್ಲಿ ಬಲೆ ತುಂಬಿದಾಗ ಅಪ್ಪಯ್ಯನ ಮುಖ ಹೇಗಿರುತ್ತಿತ್ತು ಎಂದೂ ಗೊತ್ತು.

ಸುಮ್ಮನೆ ಬಿಟ್ಟರೆ ಕಡಲು ಏನು ಮಾಡುತ್ತದೆ ಎಂದು ನೋಡಲು ಇಲ್ಲಿ ಪೋಪ್ಸ್ ಐ ಇದೆ. 1880ರ ದಶಕದಲ್ಲಿ ಫಿರಂಗಿ ಇಡಲು ಕೋಟೆ ಕಟ್ಟಬೇಕೆಂದು ನೀರಿನ ನಡುವೆ ಕಪ್ಪು ಕಲ್ಲುಗಳನ್ನು ಲಾಳದ ಆಕಾರದಲ್ಲಿ ಸುರಿದರು. ಮುಗಿಸದೆ ಕೈಬಿಟ್ಟರು. ಕಲ್ಲಿನ ಮೇಲೆ ಗ್ಯಾನೆಟ್ ಹಕ್ಕಿಗಳು ಗೂಡು ಕಟ್ಟಿದವು, ಕೆಳಗೆ ಕಡಲಪಾಚಿಯ ಕಾಡು ಬೆಳೆಯಿತು. 1979ರಿಂದ ಅಲ್ಲಿ ರಕ್ಷಣೆ ಇದೆ. 2002ರಲ್ಲಿ ವಿಕ್ಟೋರಿಯಾ ಒಂದೇ ಸಲ 13 ಕಡಲ ರಾಷ್ಟ್ರೀಯ ಉದ್ಯಾನ, 11 ಕಡಲ ಅಭಯಧಾಮ ಘೋಷಿಸಿದಾಗ ಇದೂ ಅದರಲ್ಲಿ ಸೇರಿತು. ಅಲ್ಲಿ ನೀರಿಗಿಳಿದರೆ ಮೀನುಗಳು ಓಡಿಹೋಗುವುದಿಲ್ಲ. ಹತ್ತಿರ ಬಂದು ಮುಖ ನೋಡುತ್ತವೆ. ಹೆದರಿಕೆ ಇಲ್ಲದ ಮೀನು ಹೇಗಿರುತ್ತದೆ ಎಂದು ನಾನು ತಿಳಿದದ್ದು ಅಲ್ಲಿ.

ಬಿಡದೆ ಹೋದರೆ ಏನಾಗುತ್ತದೆ ಎನ್ನುವುದೂ ಈ ಕೊಲ್ಲಿಯಲ್ಲೇ ಇದೆ. ಒಂದು ಕಾಲದಲ್ಲಿ ತಳದಲ್ಲಿ ಹಾಸಿದಂತೆ ಸಿಂಪಿಯ ದಿಬ್ಬಗಳಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿಣದ ಬಾಚಣಿಗೆ ಎಳೆದು ಎಳೆದು ಹೆಚ್ಚುಕಮ್ಮಿ ಎಲ್ಲವನ್ನೂ ತೆಗೆದರು. ಈಗ ಸುಣ್ಣದ ಕಲ್ಲು, ಹಳೆಯ ಚಿಪ್ಪು ಸುರಿದು, ಮರಿ ಸಿಂಪಿ ಬಿಟ್ಟು, ಅಂಗುಲ ಅಂಗುಲವಾಗಿ ಮತ್ತೆ ಬೆಳೆಸುತ್ತಿದ್ದಾರೆ. 1995ರಲ್ಲಿ ಜಪಾನ್ ಕಡೆಯ ನಕ್ಷತ್ರಮೀನು ಇಲ್ಲಿ ಕಾಣಿಸಿಕೊಂಡಿತು. ಹಡಗುಗಳು ತೂಕಕ್ಕೆಂದು ತುಂಬಿಕೊಂಡು ಬರುವ ನೀರಿನಲ್ಲಿ ಇಂಥ ಮರಿಗಳು ಊರಿಂದೂರಿಗೆ ಹೋಗುತ್ತವೆ. ಐದೇ ವರ್ಷದಲ್ಲಿ ಅದು 10 ಕೋಟಿ ದಾಟಿರಬಹುದೆಂದು ಅಂದಾಜಿಸಿದರು. ಕೆಲವು ಡೈವ್‌ಗಳಲ್ಲಿ ಮರಳಿನ ಮೇಲೆ ಅದೊಂದೇ ಕಾಣುತ್ತದೆ. ಅಂಥ ದಿನ ಮನೆಗೆ ಬಂದು ಯಾರ ಹತ್ತಿರವೂ ಜಾಸ್ತಿ ಮಾತಾಡಲು ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಆದರೂ ಇಷ್ಟು ದೊಡ್ಡ ಊರಿನ ಪಕ್ಕದ ನೀರು ಹೇಗೆ ಇನ್ನೂ ತಿಳಿಯಾಗಿದೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು, ಯಾಕೆಂದರೆ ನಾವಿರುವುದು ಪಶ್ಚಿಮದ ಪಾಯಿಂಟ್ ಕುಕ್‌ನಲ್ಲಿ. ಅಲ್ಲೇ ಹತ್ತಿರದಲ್ಲಿ, ವೆರಿಬೀಯಲ್ಲಿ, ಮೆಲ್ಬರ್ನಿನ ಸುಮಾರು ಅರ್ಧದಷ್ಟು ಕೊಳಚೆ ನೀರನ್ನು ಶುದ್ಧ ಮಾಡಿ ಕೊಲ್ಲಿಗೆ ಬಿಡುತ್ತಾರೆ. ನಮ್ಮ ಮನೆಯ ಸಿಂಕಿನ ನೀರೂ ಅದರಲ್ಲೇ. ಕೊಲ್ಲಿಯ ನೀರು ಪೂರ್ತಿ ಬದಲಾಗಲು ಸುಮಾರು ಒಂದು ವರ್ಷ ಬೇಕು. ಕೊಳಚೆ ನೀರಿನೊಂದಿಗೆ ಅಷ್ಟು ಸಾರಜನಕ ಸೇರಿದರೆ ಪಾಚಿ ಉಕ್ಕಿ, ನೀರು ಕೊಳೆತು, ಮೀನು ಸಾಯಬೇಕಿತ್ತು. 1992ರಿಂದ 1996ರವರೆಗೆ ಆಸ್ಟ್ರೇಲಿಯಾ ಸರಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ನಡೆಸಿದ ದೊಡ್ಡ ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ಉತ್ತರ ಇದ್ದದ್ದು ಕೆಸರಿನಲ್ಲಿ. ತಳದ ಕೆಸರಿನ ಬ್ಯಾಕ್ಟೀರಿಯಾಗಳು ಆ ಸಾರಜನಕವನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಈ ಕೆಲಸಕ್ಕೆ ಗಾಳಿಯಾಡುವ ಜಾಗವೂ ಬೇಕು, ಗಾಳಿ ಇಲ್ಲದ ಜಾಗವೂ ಪಕ್ಕದಲ್ಲೇ ಬೇಕು. ಅದನ್ನು ಒದಗಿಸುವುದು ಕೆಸರಿನಲ್ಲಿ ಬಿಲ ತೋಡುವ ಹುಳು, ಸಿಗಡಿಗಳು. ಬಿಲದೊಳಗೆ ನೀರು ಆಡಿಸುತ್ತ ಅವು ಕೆಸರಿಗೆ ಉಸಿರು ಕೊಡುತ್ತವೆ. ನಾವು ಡೈವ್ ಮಾಡುವಾಗ ಏನೂ ಇಲ್ಲ ಎಂದು ದಾಟಿಕೊಂಡು ಹೋಗುವ ಬೂದು ಬಯಲಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಈಗ ಅವುಗಳ ಮೇಲೆ ಹಾದುಹೋಗುವಾಗ ಕಾಲಿಗೆ ಹಾಕಿದ ಈಜುರೆಕ್ಕೆ ಬಡಿಯುವುದನ್ನು ನಿಲ್ಲಿಸುತ್ತೇನೆ, ಕೆಸರು ಕದಡಬಾರದೆಂದು.

ಹೋದ ವರ್ಷ ಊರಿಗೆ ಹೋದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿದೆ. ಬೆಚ್ಚನೆ ನೀರು, ಹವಳ, ಬಣ್ಣ ಬಣ್ಣದ ಮೀನು. ತೆಳು ಸೂಟು ಸಾಕಾಯಿತು. ಅಲ್ಲಿ ಕಲ್ಲಿನ ಪಕ್ಕ ಒಂದು ಮುರು ಮೀನು ನಿಂತಿತ್ತು. ನಾನು ಎಷ್ಟೋ ಸಲ ಹೊಟ್ಟೆ ತುಂಬ ತಿಂದ ಮೀನು. ಅದರ ಕಿವಿರು ತೆರೆದು ಮುಚ್ಚುತ್ತಿತ್ತು, ಪ್ರತಿ ಸಲ ತೆರೆದಾಗಲೂ ಒಳಗಿನ ಕೆಂಪು ಕಾಣುತ್ತಿತ್ತು. ಯಾರೂ ಎತ್ತಿ ತೋರಿಸಬೇಕಾಗಿರಲಿಲ್ಲ.

ಅಮ್ಮನಿಗೆ ಈಗ ಎಪ್ಪತ್ತು. ಮಂಡಿ ನೋವು, ಮತ್ತೆ ಇಷ್ಟು ದೂರ ವಿಮಾನದಲ್ಲಿ ಬರಲಾರೆ ಎನ್ನುತ್ತಾಳೆ. ಜೂನ್ ಬಂದರೆ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಾಳೆ, "ಏಡಿ ಬಂದ್ವಾ?" ಏಡಿಗಳು ಎಲ್ಲ ವರ್ಷವೂ ಒಂದೇ ಜಾಗಕ್ಕೆ ಬರುವುದಿಲ್ಲ. ಕೆಲವು ವರ್ಷ ರೈ ಕಡೆ ಬರುವುದೇ ಇಲ್ಲ, ಯಾಕೆಂದು ಸರಿಯಾಗಿ ಯಾರಿಗೂ ತಿಳಿದಿಲ್ಲ. ಈ ವರ್ಷ ನಾಲ್ಕು ಶನಿವಾರ ಹೋಗಿ ನೋಡಿ ಬಂದೆ. ಜೆಟ್ಟಿಯ ಕೆಳಗೆ ಬರೀ ಮರಳು, ಒಂದು ದೊಡ್ಡ ತೊರಕೆ ಮಾತ್ರ ಅತ್ತಿತ್ತ ಹೋಗುತ್ತಿತ್ತು, ಅದೂ ಕಾಯುತ್ತಿರುವಂತೆ.

"ಇನ್ನೂ ಇಲ್ಲೆ ಅಮ್ಮ" ಎಂದೆ ನಿನ್ನೆ. "ಈ ಶನಿವಾರ ಮತ್ತೊಂದ್ಸಲ ಹೋಯಿ ಕಾಣ್ತೆ."

"ಹುಷಾರ್ ಮಾರಾಯ್ತಿ. ಇಳಿತ ಕಂಡ್ಕಂಡ್ ಇಳಿ" ಅಂದಳು.